ಫೋಟೋದ ಆಕಾಶದಲ್ಲಿ ಚುಕ್ಕೆ ಕಾಣ್ತಿದ್ಯಾ? ಸೆನ್ಸರ್ ಕ್ಲೀನ್ ಮಾಡೋ ಮುಂಚೆ ಇದನ್ನ ಓದಿ

ಕಬಿನಿ, ಬಂಡೀಪುರ ಕಡೆ ಸಫಾರಿ ಮಾಡ್ಕೊಂಡು ಬರೋರಿಗೆ ತಮ್ಮ ಕ್ಯಾಮೆರಾ ಒಳಗೆ ಧೂಳು ಸೇರಿರೋದು ಎಷ್ಟೋ ದಿನ ಗೊತ್ತೇ ಆಗಲ್ಲ, ಯಾಕಂದ್ರೆ ಹುಲಿ ಚಿರತೆ ಎಲ್ಲಾ ಎಫ್ 4, ಎಫ್ 5.6ರಲ್ಲಿ (ಎಫ್ ನಂಬರ್ ಕಮ್ಮಿ ಇದ್ದಷ್ಟೂ ಲೆನ್ಸಲ್ಲಿ ಬೆಳಕು ಬರೋ ರಂಧ್ರ, ಅಂದ್ರೆ ಅಪರ್ಚರ್, ದೊಡ್ಡದು) ತೆಗ್ದಿರ್ತಾರೆ, ಅಲ್ಲಿ ಚುಕ್ಕೆ ಕಾಣೋದೇ ಅಪರೂಪ. ಅದೇ ಕ್ಯಾಮೆರಾ ಹಿಡ್ಕೊಂಡು ಹಂಪಿಲಿ ಮಾತಂಗ ಬೆಟ್ಟ ಹತ್ತಿ ಎಫ್ 16ಗೆ ಇಟ್ಟು ಲ್ಯಾಂಡ್‌ಸ್ಕೇಪ್ ತೆಗೀರಿ, ನೀಲಿ ಆಕಾಶದ ತುಂಬಾ ಬೂದು ಬಣ್ಣದ ಚುಕ್ಕೆಗಳು. ಧೂಳು ಕೂತಿರೋದು ಬೆಳಕು ಹಿಡಿದು ಫೋಟೋ ಮಾಡೋ ಸೆನ್ಸರ್ ಚಿಪ್ ಮುಂದೆ ಇರೋ ಫಿಲ್ಟರ್ ಗಾಜಿನ ಮೇಲೆ. ಅಪರ್ಚರ್ ದೊಡ್ಡದಿದ್ದಾಗ ಬೆಳಕು ಅಗಲವಾಗಿ ನಾನಾ ಕೋನದಿಂದ ಬರತ್ತೆ, ಕಣದ ನೆರಳು ಚದುರಿ ಮಾಯ ಆಗತ್ತೆ. ಸಣ್ಣ ಅಪರ್ಚರಲ್ಲಿ ಬೆಳಕಿನ ಕಿರಣ ಕಿರಿದಾಗತ್ತೆ, ಅದಕ್ಕೆ ನೆರಳು ಎದ್ದು ಕಾಣತ್ತೆ. ನಾವು ಒರೆಸೋದೂ ಆ ಗಾಜನ್ನೇ.

ಮೊದಲು ಟೆಸ್ಟ್ ಮಾಡಿ, ಸುಮ್ನೆ ಅನುಮಾನದ ಮೇಲೆ ಕೈ ಹಾಕ್ಬೇಡಿ. ಐಎಸ್‌ಒ 100, ಎಫ್ 22, ಮ್ಯಾನ್ಯುಅಲ್ ಫೋಕಸ್‌ಗೆ ಹಾಕಿ ಫೋಕಸ್ ಪೂರ್ತಿ ಕೆಡಿಸಿ, ಬಿಳಿ ಗೋಡೆ ಅಥವಾ ಲ್ಯಾಪ್‌ಟಾಪಲ್ಲಿ ಬಿಳಿ ಸ್ಕ್ರೀನ್ ಇಟ್ಕೊಂಡು ಒಂದು ಫೋಟೋ ತೆಗೀರಿ, ಶಟರ್ ಸ್ಪೀಡ್ ಕಮ್ಮಿ ಬಂದ್ರೆ ಒಳ್ಳೇದೇ, ಕ್ಲಿಕ್ ಆಗೋವಾಗ ಕ್ಯಾಮೆರಾನ ಸ್ವಲ್ಪ ಅಲ್ಲಾಡಿಸಿ, ಆಗ ಗೋಡೆ ಮೇಲಿನ ಕಲೆ ಎಲ್ಲಾ ಅಳಿಸಿಹೋಗತ್ತೆ, ಸೆನ್ಸರ್ ಧೂಳು ಮಾತ್ರ ಇದ್ದಲ್ಲೇ ಇರತ್ತೆ. ಕಂಪ್ಯೂಟರಲ್ಲಿ 100 ಪರ್ಸೆಂಟ್ ಜೂಮ್ ಮಾಡಿ ಮೂಲೆಮೂಲೆ ನೋಡಿ. ಲೆನ್ಸ್ ಬದಲಾಯಿಸಿದ್ಮೇಲೂ ಚುಕ್ಕೆ ಅದೇ ಜಾಗದಲ್ಲಿದ್ರೆ ಸೆನ್ಸರದ್ದೇ. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರೋ ಕ್ಯಾಮೆರಾ) ವ್ಯೂಫೈಂಡರಲ್ಲಿ, ಅಂದ್ರೆ ಕಣ್ಣಿಟ್ಟು ನೋಡೋ ಕಿಂಡೀಲಿ, ಕಾಣೋ ಕಸಕ್ಕೂ ಇದಕ್ಕೂ ಸಂಬಂಧ ಇಲ್ಲ, ಅದು ಫೋಟೋಲಿ ಬರಲ್ಲ, ಬಿಟ್ಬಿಡಿ. ಇನ್ನೊಂದು ವಿಷಯ, ಸೆನ್ಸರ್ ಮೇಲೆ ಚಿತ್ರ ತಲೆಕೆಳಗಾಗಿ ಬೀಳತ್ತೆ. ಫೋಟೋಲಿ ಮೇಲಿನ ಎಡ ಮೂಲೇಲಿ ಚುಕ್ಕೆ ಇದ್ರೆ, ಕ್ಯಾಮೆರಾನ ಎದುರಿಂದ ನೋಡ್ದಾಗ ಆ ಕಣ ಕೆಳಗಿನ ಎಡ ಮೂಲೇಲಿ ಇರತ್ತೆ.

ಈಗ ಮೆನುಗೆ ಹೋಗಿ ಸೆನ್ಸರ್ ಕ್ಲೀನಿಂಗ್ ಒಂದ್ಸಲ ಓಡಿಸಿ. ಗಾಜನ್ನ ನಡುಗಿಸಿ ಧೂಳು ಉದುರಿಸೋ ಈ ವ್ಯವಸ್ಥೆ 2003ರಲ್ಲಿ ಒಲಿಂಪಸ್ ಇ-1 ಜೊತೆ ಬಂತು, ಈಗ ಹೆಚ್ಚಿನ ಕ್ಯಾಮೆರಾಗಳಲ್ಲಿ ಇದೆ. ಹೋಗ್ಲಿಲ್ವಾ, ಒತ್ತಿದ್ರೆ ಗಾಳಿ ಊದೋ ರಬ್ಬರ್ ಬ್ಲೋವರ್ ತಗೊಳ್ಳಿ. ಬ್ಯಾಟರಿ ಫುಲ್ ಚಾರ್ಜ್ ಇರ್ಲಿ, ಫ್ಯಾನ್ ಆಫ್ ಮಾಡಿ. ಡಿಎಸ್‌ಎಲ್‌ಆರ್ ಆದ್ರೆ ಮೆನುವಲ್ಲಿ ಮ್ಯಾನ್ಯುಅಲ್ ಕ್ಲೀನಿಂಗ್ ಅಥವಾ ಮಿರರ್ ಅಪ್ ಅಂತ ಇರೋದನ್ನೇ ಬಳಸಿ, ಬಲ್ಬ್ ಮೋಡಲ್ಲಿ (ಬಟನ್ ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರೋದು) ಬೇಡ, ಬೆರಳು ಜಾರಿದ್ರೆ ಶಟರ್ ಮುಚ್ಕೊಂಡು ಒಳಗಿರೋ ಬ್ಲೋವರ್ ತುದಿ ಮೇಲೋ ಒರೆಸೋ ಕಡ್ಡಿ ಮೇಲೋ ಬೀಳತ್ತೆ. ಮಿರರ್‌ಲೆಸ್ (ಕನ್ನಡಿ ಇಲ್ಲದ್ದು) ಆದ್ರೆ ಲೆನ್ಸ್ ತೆಗೆದ ತಕ್ಷಣ ಸೆನ್ಸರ್ ಕಾಣತ್ತೆ, ಆದ್ರೆ ಕ್ಯಾನನ್ ಇಒಎಸ್ ಆರ್ ಥರದ್ದು ಆಫ್ ಮಾಡ್ದಾಗ ಶಟರ್ ಮುಚ್ಕೊಳ್ಳತ್ತೆ, ಆ ಶಟರ್ ಬ್ಲೇಡುಗಳನ್ನ ಮಾತ್ರ ಮುಟ್ಲೇಬೇಡಿ, ತುಂಬಾ ತೆಳು. ನಿಮ್ಮ ಮಾಡೆಲ್ ಮ್ಯಾನ್ಯುಅಲ್ ಒಂದ್ಸಲ ತೆಗೆದು ನೋಡಿ.

ಬ್ಲೋವರನ್ನ ಮೊದಲು ಬೇರೆ ಕಡೆ ಎರಡ್ಮೂರು ಸಲ ಒತ್ತಿ, ಒಳಗಿನ ಧೂಳು ಹೋಗ್ಲಿ. ಆಮೇಲೆ ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಹಿಡಿದು, ತುದಿ ಗಾಜಿಗೆ ತಾಗದ ಹಾಗೆ ಜೋರಾಗಿ ಊದಿ. ಬಾಯಿಂದ ಊದೋದು ಬೇಡ, ಎಂಜಲು ಹನಿ ಬಿದ್ರೆ ಧೂಳಿಗಿಂತ ಕೆಟ್ಟ ಕಲೆ. ಕಂಪ್ಯೂಟರ್ ಕ್ಲೀನ್ ಮಾಡೋ ಗ್ಯಾಸ್ ಕ್ಯಾನೂ ಬೇಡ, ಅದರೊಳಗಿನ ದ್ರವ ಗಾಜಿನ ಮೇಲೆ ಚಿಮ್ಮತ್ತೆ. ಮತ್ತೆ ಟೆಸ್ಟ್ ಫೋಟೋ ತೆಗೀರಿ. ಸಾಮಾನ್ಯ ಒಣ ಧೂಳಾದ್ರೆ ಇಷ್ಟಕ್ಕೇ ಕೆಲಸ ಮುಗಿಯತ್ತೆ, ನನ್ನ ಪ್ರಕಾರ ಹೆಚ್ಚಿನವರು ಇಲ್ಲಿಗೇ ನಿಲ್ಲಿಸಬೇಕು.

ಅಂಟ್ಕೊಂಡಿರೋ ಕಣ, ಪರಾಗ, ಎಣ್ಣೆ ಚುಕ್ಕೆ ಊದಿದ್ರೆ ಹೋಗಲ್ಲ, ಅದಕ್ಕೆ ಸ್ವಾಬ್, ಅಂದ್ರೆ ತುದಿಗೆ ಮೆತ್ತನೆ ಬಟ್ಟೆ ಸುತ್ತಿರೋ ಚಪ್ಪಟೆ ಕಡ್ಡಿ, ಬೇಕು. ಎಣ್ಣೆ ಶಟರ್ ಕಡೆಯಿಂದ ಸಿಡಿಯೋದುಂಟು, 2012ರ ನಿಕಾನ್ ಡಿ600 ಇದಕ್ಕೇ ಹೆಸರಾಗಿ ಕೊನೆಗೆ ಕಂಪನಿಯೇ ಫ್ರೀಯಾಗಿ ಶಟರ್ ಬದಲಾಯಿಸಿ ಕೊಡ್ತು. ಸ್ವಾಬ್ ಸೈಜ್ ಸರಿಯಾಗಿ ತಗೊಳ್ಳಿ, ಫುಲ್ ಫ್ರೇಮಿಗೆ (ದೊಡ್ಡ ಸೆನ್ಸರ್) 24 ಮಿಮೀ, ಎಪಿಎಸ್-ಸಿಗೆ (ಅದಕ್ಕಿಂತ ಚಿಕ್ಕದು) 16 ಮಿಮೀ. ಸ್ವಾಬಿನ ಅಗಲ ಸೆನ್ಸರ್ ಎತ್ತರಕ್ಕೆ ಸಮ ಇರತ್ತೆ, ಹಾಗಾಗಿ ಒಂದೇ ಎಳೆತಕ್ಕೆ ಪೂರ್ತಿ ಒರೆಸಬಹುದು. ಕಿವಿಗೆ ಹಾಕೋ ಹತ್ತಿ ಕಡ್ಡಿ, ಕನ್ನಡಕ ಒರೆಸೋ ಬಟ್ಟೆ ಹತ್ರಾನೂ ತರ್ಬೇಡಿ.

ಸೆನ್ಸರಿಗೇ ಅಂತ ಮಾರೋ ಲಿಕ್ವಿಡ್ ಎರಡು ಹನಿ ಸ್ವಾಬ್ ತುದಿಗೆ ಬಿಡಿ, ಗಾಜಿನ ಮೇಲಲ್ಲ, ಕೆಲವು ಸೆಕೆಂಡ್ ಬಟ್ಟೆ ಹೀರ್ಕೊಳ್ಳಲಿ. ಒಂದು ಅಂಚಲ್ಲಿ ಇಟ್ಟು, ಸ್ವಾಬನ್ನ ಎಳೆಯೋ ದಿಕ್ಕಿಗೆ ಸ್ವಲ್ಪ ವಾಲಿಸಿ, ತುದಿ ಸಣ್ಣಗೆ ಬಾಗೋವಷ್ಟು ಮಾತ್ರ ಒತ್ತಿ, ನಿಲ್ಲಿಸದೆ ಒಂದೇ ವೇಗದಲ್ಲಿ ಇನ್ನೊಂದು ಅಂಚಿಗೆ ಎಳೀರಿ. ಹಿಂದೆ ತೇವದ ಪೊರೆ ಕಾಣತ್ತೆ, ನೋಡ್ತಾ ನೋಡ್ತಾ ಆರಿಹೋಗತ್ತೆ. ಸ್ವಾಬ್ ತಿರುಗಿಸಿ ಒಣ ಇರೋ ಇನ್ನೊಂದು ಮೈಯಿಂದ ವಾಪಸ್ ಎಳೀರಿ, ಅಷ್ಟೇ, ಆ ಸ್ವಾಬ್ ಕಸಕ್ಕೆ. ಉಳಿಸೋಕೆ ಹೋಗಿ ಅದನ್ನೇ ಮತ್ತೆ ಬಳಸಿದ್ರೆ ಅದರಲ್ಲಿ ಸಿಕ್ಕಿರೋ ಮರಳು ಕಣವೇ ಗಾಜನ್ನ ಗೀರತ್ತೆ. ಬ್ಲೋವರ್ ಮೊದಲು ಹೊಡೆಯೋಕೆ ಹೇಳೋದೂ ಇದೇ ಕಾರಣಕ್ಕೆ. ಆರಿದ ಗೆರೆ ಉಳಿದ್ರೆ ಲಿಕ್ವಿಡ್ ಜಾಸ್ತಿ ಆಗಿದೆ ಅಂತ, ಹೊಸ ಸ್ವಾಬಲ್ಲಿ ಒಂದೇ ಹನಿ ಹಾಕಿ.

ಎಫ್ 22ರಲ್ಲಿ ಅಂಚಲ್ಲಿ ಒಂದೆರಡು ಚುಕ್ಕೆ ಉಳಿದ್ರೆ ಬಿಡಿ, ಲೈಟ್‌ರೂಮಲ್ಲಿ (ಫೋಟೋ ಎಡಿಟಿಂಗ್ ಸಾಫ್ಟ್‌ವೇರ್) ಹೀಲ್ ಮಾಡಿ ಅಳಿಸಿದ್ರೆ ಮುಗೀತು. ಎರಡು ಮೂರು ಸ್ವಾಬಿಗೂ ಜಗ್ಗದ ಕಲೆ ಇದ್ರೆ ಸರ್ವೀಸ್ ಸೆಂಟರಿಗೆ ಕೊಡಿ, ಒತ್ತಿ ಒತ್ತಿ ಉಜ್ಜಬೇಡಿ. ಹಾಗೇ ಬಾಡಿ ಕ್ಯಾಪು, ಲೆನ್ಸಿನ ಹಿಂದಿನ ಕ್ಯಾಪು ಎರಡನ್ನೂ ಒಳಗಡೆ ಊದಿ ಒರೆಸಿಡಿ, ಬ್ಯಾಗಲ್ಲಿ ಧೂಳು ತುಂಬ್ಕೊಂಡ ಆ ಕ್ಯಾಪೇ ಎಷ್ಟೋ ಸಲ ಅದನ್ನ ಸೆನ್ಸರಿಗೆ ದಾಟಿಸೋದು.