ಹೊಸಬರಿಗೆ ಮಳೆಗಾಲದ ಮಾರ್ಗದರ್ಶಿ: ಪಕ್ಕದ ಮನೆಯ ಚರಂಡಿಯೂ ನಮ್ಮದೇ

ಬ್ಯಾಂಕಿಗೆ, ಶಾಲೆಗೆ, ಆಸ್ಪತ್ರೆಗೆ ವರ್ಗವಾಗಿ ತೀರ್ಥಹಳ್ಳಿ, ಹೊಸನಗರದ ಕಡೆ ಬಂದಿರುವ ಕುಟುಂಬಗಳಿಗೆ ನಮ್ಮ ಕನ್ನಡ ಸಂಘದ ಸ್ವಾಗತ. ಬಾಡಿಗೆ ಮನೆ, ಗ್ಯಾಸ್, ಮಕ್ಕಳ ಶಾಲೆ ಇವೆಲ್ಲ ಹೇಗೋ ಆಗುತ್ತವೆ, ಯಾರನ್ನು ಕೇಳಿದರೂ ಹೇಳುತ್ತಾರೆ. ಇಲ್ಲಿ ಬರೆಯುತ್ತಿರುವುದು ಒಂದೇ ವಿಷಯ. ಗಾಳಿ ಮಳೆ ಜೋರಾಗಿ ಹೊಡೆದ ದಿನ ಅಕ್ಕಪಕ್ಕದವರ ಜೊತೆ ಸೇರಿ ಮಾಡಬೇಕಾದ ಕೆಲಸ.

ಬಯಲುಸೀಮೆಯಿಂದ ಬಂದವರಿಗೆ ಇಲ್ಲಿನ ಮಳೆ ಅಂದಾಜಿಗೆ ಸಿಗುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವುದು ಮಾಮೂಲಿ. ಅಲ್ಲಿಂದ ಸುಮಾರು 90 ಕಿ.ಮೀ. ದೂರದ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಹಾಗಾಗಿ ಶಿವಮೊಗ್ಗದಲ್ಲಿ ಇದ್ದು ಬಂದವರೂ ಇದನ್ನು ಓದಿ. ಜೂನ್ ಮೊದಲಲ್ಲಿ ಶುರುವಾದ ಮಳೆ ಆರಿದ್ರೆಗೆ ಬಲ ಹಿಡಿಯುತ್ತದೆ. ಜುಲೈನ ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ ಹಗಲು ರಾತ್ರಿ ಅನ್ನದೆ ಸುರಿಯುತ್ತದೆ. ಹಂಚಿನ ಮನೆಯಾದರೆ ಮೇ ತಿಂಗಳಲ್ಲೇ ಮಾಲೀಕರಿಗೆ ಹೇಳಿ ಹಂಚು ಕೈಯಾಡಿಸಿಕೊಳ್ಳಿ. ಜೂನ್ ಬಂದಮೇಲೆ ಆ ಕೆಲಸಕ್ಕೆ ಜನ ಸಿಗುವುದಿಲ್ಲ.

ಚರಂಡಿ

ನಮ್ಮ ಕೇರಿಗಳು ಇಳಿಜಾರಿನಲ್ಲಿವೆ. ಮೇಲಿನ ಮನೆಯ ನೀರು ಕೆಳಗಿನ ಮನೆಯ ಚರಂಡಿಗೇ ಬರಬೇಕು. ಕೆಳಗೆ ಎಲ್ಲೋ ಕಸ ಕಟ್ಟಿಕೊಂಡರೆ ನೀರು ಅಂಗಳಕ್ಕೆ ಏರುತ್ತದೆ. ಮೇಲೆ ಕಟ್ಟಿಕೊಂಡರೆ ರಸ್ತೆಗೆ ಹಾರಿ, ಸಿಕ್ಕವರ ಮನೆಗೆ ನುಗ್ಗುತ್ತದೆ. ನಮ್ಮ ಮನೆ ಎದುರು ಚೊಕ್ಕಟವಾಗಿದೆ, ಸಾಕು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಕಳೆದ ಮಳೆಗಾಲಕ್ಕೆ ಮುಂಚೆ ವಿಜಯಪುರದ ಕಡೆಯ ಮೇಷ್ಟ್ರೊಬ್ಬರು ಹೆಂಡತಿ ಮಕ್ಕಳ ಜೊತೆ ನಮ್ಮ ಕೇರಿಗೆ ಬಂದರು. ಪುಷ್ಯ ಮಳೆಯಲ್ಲಿ ಒಂದು ರಾತ್ರಿ ಗಾಳಿ ಬೀಸಿ ಹಲಸಿನ ಕೊಂಬೆ ಮುರಿಯಿತು. ಸೊಪ್ಪು ಸದೆಯೆಲ್ಲ ಕೇರಿಯ ತುದಿಯ ಮೋರಿಗೆ ಹೋಗಿ ಕಟ್ಟಿಕೊಂಡಿತು. ಬೆಳಗ್ಗೆ ಯಾರೂ ಕರೆಯದೆ ಮನೆಮಂದಿಯೆಲ್ಲ ಹೊರಗೆ ಬಂದರು. ಮೇಷ್ಟ್ರು ಸಲಿಕೆ ಹಿಡಿದು ತಮ್ಮ ಮನೆ ಎದುರಿನ ಕೆಸರು ಎತ್ತಲು ಶುರು ಮಾಡಿದರು. ಕೆಳಗಿನ ಮನೆಯ ಗೌಡರು ಕಂಬಳಿಕೊಪ್ಪೆಯೊಳಗಿಂದಲೇ ಕೂಗಿದರು: "ಮೇಷ್ಟ್ರೇ, ಅಲ್ಲಿ ಬೇಡ. ಮೊದ್ಲು ಮೋರಿ ಬಾಯಿ ಬಿಡ್ಸಣ ಬನ್ನಿ!"

ಇದು ನೆನಪಿರಲಿ. ಚರಂಡಿ ಬಿಡಿಸುವುದು ಕೆಳಗಿನಿಂದ ಮೇಲಕ್ಕೆ. ಮೋರಿಯ ಬಾಯಿ ತೆರೆದರೆ ಅರ್ಧ ಕೆಲಸ ನೀರೇ ಮಾಡುತ್ತದೆ. ಮೇಲಿನಿಂದ ಶುರು ಮಾಡಿದರೆ ನೀವು ಎತ್ತಿದ ಕೆಸರಿನ ಮೇಲೆ ಇನ್ನಷ್ಟು ಬಂದು ಕೂರುತ್ತದೆ. ಅವತ್ತು ಗೌಡರು ದೋಟಿಯಲ್ಲಿ ಕೊಂಬೆ ಎಳೆದರು, ಮೇಷ್ಟ್ರು ಕತ್ತಿಯಲ್ಲಿ ಸವರಿದರು. ನಿಂತ ನೀರು ಒಮ್ಮೆಲೇ ಗುಳುಗುಳು ಅಂತ ಇಳಿಯಿತು. ಆಮೇಲೆ ಎಲ್ಲರೂ ಒಂದೊಂದೇ ಮನೆ ಮೇಲಕ್ಕೆ ಬಂದೆವು. ಎತ್ತಿದ ಕೆಸರನ್ನು ಚರಂಡಿಯ ಅಂಚಿಗೆ ಸುರಿಯಬೇಡಿ, ಮುಂದಿನ ಮಳೆಗೆ ವಾಪಸ್ ಒಳಗೇ ಹೋಗುತ್ತದೆ. ಬಾಂಡ್ಲಿಯಲ್ಲಿ ಹೊತ್ತು ದೂರ ಹಾಕಬೇಕು. ಮೇಷ್ಟ್ರ ಮಗಳು, ಏಳನೇ ಕ್ಲಾಸಿನ ಹುಡುಗಿ, ಅದನ್ನೇ ಮಾಡಿದಳು.

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಪಕ್ಕದ ಅಜ್ಜಿಯ ಅಂಗಳದಲ್ಲಿ ಅಡಕೆ ಸೋಗೆ (ಅಡಕೆ ಮರದ ಗರಿ) ಹಾಸುತ್ತಿದ್ದರು. ಬಾಗಿಲಿಂದ ಬಚ್ಚಲಿಗೆ, ಬಚ್ಚಲಿಂದ ಕೊಟ್ಟಿಗೆಗೆ. ಮಳೆಗಾಲದ ಅಂಗಳದಲ್ಲಿ ಹಾವಸೆ ಕಟ್ಟುತ್ತದೆ. ವಯಸ್ಸಾದವರು ಒಮ್ಮೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಏಳುವುದು ಕಷ್ಟ. ನಮ್ಮನ್ನು ಕೇಳಿದರೆ ಚರಂಡಿಗಿಂತ ಇದೇ ದೊಡ್ಡ ಸಹಾಯ. ಸೋಗೆ ಕೊಳೆತ ಹಾಗೆ ಬದಲಿಸಬೇಕು. ಒಂಟಿಯಾಗಿರುವ ಹಿರಿಯರ ಮನೆಗೆ ದಿನಕ್ಕೊಮ್ಮೆ ಹೋಗಿ "ಅಮ್ಮಾ, ಒಣ ಕಟ್ಟಿಗೆ ಇದ್ಯಾ? ಮಾತ್ರೆ ಇದ್ಯಾ?" ಅಂತ ಕೇಳಿ. ಶಾಲೆಗೆ ಮಳೆ ರಜೆ ಕೊಟ್ಟಿದ್ದರೆ ಮಕ್ಕಳನ್ನೇ ಕಳಿಸಬಹುದು. ಆದರೆ ದಾರಿಯಲ್ಲಿ ಹಳ್ಳಕ್ಕೆ ಕಾಲುಸಂಕ (ನಡೆದು ದಾಟುವ ಕಿರು ಸೇತುವೆ) ಇದ್ದರೆ ಖಂಡಿತ ಒಂಟಿಯಾಗಿ ಕಳಿಸಬೇಡಿ.

ಮುಟ್ಟಬಾರದ್ದು

ಉತ್ಸಾಹ ಒಳ್ಳೆಯದು, ಆದರೆ ಎರಡು ಕಡೆ ಕೈ ಹಾಕಬಾರದು.

ಒಂದು, ಕರೆಂಟಿನ ತಂತಿ. ಮರ ತಂತಿಯ ಮೇಲೆ ಬಿದ್ದಿದ್ದರೆ ಆ ಮರವನ್ನೂ ಮುಟ್ಟಬೇಡಿ, ಹತ್ತಿರದ ನೀರಿಗೂ ಇಳಿಯಬೇಡಿ. ಮನೆಯಲ್ಲಿ ದೀಪ ಇಲ್ಲ ಅಂದಮಾತ್ರಕ್ಕೆ ಆ ತಂತಿಯಲ್ಲಿ ಕರೆಂಟ್ ಇಲ್ಲ ಅಂತಲ್ಲ. ಮೆಸ್ಕಾಂನ 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬರುವ ತನಕ ಆ ದಾರಿಯಲ್ಲಿ ಓಡಾಡುವವರನ್ನು ತಡೆದು ನಿಲ್ಲಿಸಿ. ಅದೂ ಸಹಾಯವೇ.

ಇನ್ನೊಂದು, ಧರೆ. ಗುಡ್ಡ ಕಡಿದು ಮನೆ ಕಟ್ಟಿದ ಕಡೆ ಹಿಂದೆ ನೆಟ್ಟಗೆ ನಿಂತ ಮಣ್ಣಿನ ಗೋಡೆ ಇರುತ್ತದಲ್ಲ, ಅದೇ ಧರೆ. ನೀರು ಕುಡಿದ ಮಣ್ಣಿಗೆ ಭಾರ ಜಾಸ್ತಿ, ಹಿಡಿತ ಕಡಿಮೆ. ಧರೆ ಜರಿದು ಮಣ್ಣು ಗೋಡೆಗೆ ಬಂದು ನಿಂತರೆ ಎಲ್ಲರಿಗೂ ಅನ್ನಿಸುವುದು ತಕ್ಷಣ ಎತ್ತಿಬಿಡೋಣ ಅಂತ. ಬೇಡ. ಬುಡದ ಆ ಮಣ್ಣೇ ಮೇಲಿನ ಮಣ್ಣಿಗೆ ಆಸರೆ ಆಗಿರುತ್ತದೆ. ಅದನ್ನು ತೆಗೆದರೆ ಮೇಲಿನದು ನಿಮ್ಮ ಮೈಮೇಲೇ ಬರುತ್ತದೆ. ಮೊದಲು ಮನೆಯವರನ್ನು ಹೊರಗೆ ಕರೆದುಕೊಂಡು ಬನ್ನಿ, ನಿಮ್ಮ ಮನೆಯಲ್ಲಿ ಮಲಗಲು ಜಾಗ ಕೊಡಿ. ಯಾರಾದರೂ ಸಿಕ್ಕಿಹಾಕಿಕೊಂಡಿದ್ದರೆ 112ಕ್ಕೆ ಕರೆ ಮಾಡಿ. ಮಣ್ಣು ಎತ್ತುವ ಕೆಲಸ ಮಳೆ ಬಿಟ್ಟು ಧರೆ ಒಣಗಿದ ಮೇಲೆ, ತಿಳಿದವರ ಜೊತೆ. ಧರೆಯ ತಲೆಯಲ್ಲಿ ಹೊಸ ಬಿರುಕು ಕಂಡರೆ, ಮರ ವಾಲಿದ್ದರೆ, ಬುಡದಿಂದ ಕೆಂಪು ನೀರು ಜಿನುಗುತ್ತಿದ್ದರೆ ಆ ರಾತ್ರಿ ಹಿಂದಿನ ಕೋಣೆಯಲ್ಲಿ ಯಾರೂ ಮಲಗಬಾರದು.

ಗೋಡೆ ಬಿದ್ದಿದ್ದರೆ, ಹಂಚು ಹಾರಿದ್ದರೆ ಸ್ವಚ್ಛ ಮಾಡುವ ಮುಂಚೆ ಫೋಟೋ ತೆಗೆಯಿರಿ. ಗ್ರಾಮ ಆಡಳಿತ ಅಧಿಕಾರಿಗೆ (ಹಿಂದೆ ಗ್ರಾಮ ಲೆಕ್ಕಿಗರು ಅನ್ನುತ್ತಿದ್ದರು) ತಿಳಿಸಿ. ಪರಿಹಾರಕ್ಕೆ ಅರ್ಜಿ ಹಾಕುವಾಗ ಆ ಫೋಟೋ ಬೇಕಾಗುತ್ತದೆ. ರಸ್ತೆ ಬದಿಯ ಸರ್ಕಾರಿ ಮರ ಬಿದ್ದರೆ ದಾರಿ ಬಿಡಿಸಲು ಕೈ ಜೋಡಿಸಿ, ಆದರೆ ಅದರ ನಾಟಾ, ಸೌದೆ ಮನೆಗೆ ತರಬೇಡಿ.

ಉಡುಪಿನ ವಿಷಯ ಚುಟುಕಾಗಿ: ಗಾಳಿಯಲ್ಲಿ ಕೊಡೆ ನಿಲ್ಲುವುದಿಲ್ಲ, ಪ್ಲಾಸ್ಟಿಕ್ ಕೊಪ್ಪೆ ಸಾಕು. ಕಾಲಿಗೆ ಗಂಬೂಟು ಬೇಕೇ ಬೇಕು. ಉಂಬಳ (ರಕ್ತ ಹೀರುವ ಜಿಗಣೆ) ಹತ್ತಿದರೆ ಹೆದರಬೇಡಿ, ಸುಣ್ಣ ಹೊಗೆಸೊಪ್ಪು ತಾಗಿಸಿದರೆ ಬಿಡುತ್ತದೆ. ಹೆದರಬೇಕಾದ್ದು ಇಲಿ ಜ್ವರಕ್ಕೆ. ಅದು ಇಲಿ ಮೂತ್ರ ಬೆರೆತ ನೀರು, ಕೆಸರಿನಿಂದ ಗಾಯದ ಮೂಲಕ ಬರುತ್ತದೆ. ಕೆಸರಿನ ಕೆಲಸ ಮಾಡಿದ ಮೇಲೆ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ಆ ಕೆಲಸದ ವಿಷಯವನ್ನೂ ಹೇಳಿ.

ಕೊಡು ಕೊಳ್ಳುವ ರೀತಿ

ಸಹಾಯಕ್ಕೆ ಬಂದ ನೆರೆಯವರಿಗೆ ದುಡ್ಡು ಕೊಡಲು ಹೋಗಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ. ಇಲ್ಲಿ ನಡೆಯುವುದು ಮುಯ್ಯಾಳು. ಇವತ್ತು ಅವರು ನಿಮ್ಮ ಮನೆಗೆ ಬಂದರು, ನಾಳೆ ಅವರ ಮನೆಗೆ ನೀವು ಹೋಗುತ್ತೀರಿ. ನಾಟಿಗೆ, ಅಡಕೆ ಕೊಯ್ಲಿಗೆ ಹಿಂದಿನಿಂದ ನಡೆದುಬಂದ ಪದ್ಧತಿ ಅದು. ಬಿಸಿ ಕಷಾಯ ಕೊಡಿ, ಪತ್ರೊಡೆ ಮಾಡಿದ್ದರೆ ಒಂದು ತುಂಡು ಕೊಡಿ. ನಿಮ್ಮಲ್ಲಿ ಯುಪಿಎಸ್ ಇದ್ದರೆ ಕರೆಂಟ್ ಇಲ್ಲದ ದಿನ ಫೋನ್ ಚಾರ್ಜಿಗೆ ಬನ್ನಿ ಅಂತ ಕರೆಯಿರಿ. ಆದರೆ ಕೂಲಿಗೆ ಕರೆದವರ ವಿಷಯ ಬೇರೆ. ಅವರಿಗೆ ಪೂರ್ತಿ ಕೂಲಿಯನ್ನು ಅದೇ ಸಂಜೆ ಕೊಡಬೇಕು. ಕಷಾಯ ಕೊಟ್ಟೆವಲ್ಲ ಅಂತ ಕೂಲಿಯಲ್ಲಿ ಹಿಡಿಯಬಾರದು.

ಹಾರೆ, ಗುದ್ದಲಿ, ಸಲಿಕೆ, ಬಾಂಡ್ಲಿ, ಹಗ್ಗ ಸಂಘದ ಕಟ್ಟಡದ ಹಿಂದಿನ ಕೋಣೆಯಲ್ಲಿವೆ. ಬೀಗದ ಕೈ ಎದುರಿನ ದಿನಸಿ ಅಂಗಡಿಯಲ್ಲಿ ಸಿಗುತ್ತದೆ. ಪುಸ್ತಕದಲ್ಲಿ ಹೆಸರು ಬರೆದು ಒಯ್ಯಿರಿ. ವಾಪಸ್ ತರುವಾಗ ಕೆಸರು ತೊಳೆದು, ಒರೆಸಿ ಇಡಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತವೆ.