ಕ್ಯಾರಿಯರ್ ಸದ್ದು: ಮೊದಲು ಕಿವಿ, ಆಮೇಲೆ ಸ್ಪ್ಯಾನರ್

ಕಾಳುಮೆಣಸಿನ ಕೊಯ್ಲು ಶುರುವಾಯಿತೆಂದರೆ ಮೂಡಿಗೆರೆ, ಆಲ್ದೂರು ಕಡೆಯ ಪಿಕಪ್‌ಗಳ ಕ್ಯಾಬಿನ್ ಮೇಲೆ ಏಣಿಗಳು ಏರುತ್ತವೆ. ಜೊತೆಗೆ ಟಾರ್ಪಾಲು, ಹಗ್ಗ, ಕೆಲವರದ್ದು ಸ್ಟೆಪ್ನಿಯೂ ಅಲ್ಲೇ. ತೋಟದ ಮಣ್ಣು ರಸ್ತೆಯಲ್ಲಿ ಇಷ್ಟೆಲ್ಲ ಹೊತ್ತು ಕುಣಿಯುವ ಕ್ಯಾರಿಯರ್, ಅಂದರೆ ಕ್ಯಾಬಿನ್ ಮೇಲೆ ಕೂರಿಸಿದ ಕಬ್ಬಿಣದ ಚೌಕಟ್ಟು, ಒಂದಲ್ಲ ಒಂದು ದಿನ ಗಡಗಡ ಅನ್ನಲೇಬೇಕು. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಸ್ಪ್ಯಾನರ್ ಹಿಡಿದು ಕೈಗೆ ಸಿಕ್ಕ ನಟ್ಟನ್ನೆಲ್ಲ ಬಿಗಿಯುವುದು. ಒಂದು ವಾರ ಸದ್ದಿರುವುದಿಲ್ಲ. ಆಮೇಲೆ ಮತ್ತೆ ಅದೇ ರಾಗ. ಕಬ್ಬಿಣಕ್ಕೆ ಕಬ್ಬಿಣ ತಾಗುವ ಜಾಗ ಹುಡುಕದೆ ಸುಮ್ನೆ ಬಿಗಿದರೆ ಥ್ರೆಡ್ ಹಾಳಾಗುತ್ತದೆ, ರೂಫಿನ ತಗಡು ನೆಗ್ಗುತ್ತದೆ, ಅಷ್ಟೇ.

ಹಾಗಾಗಿ ಮೊದಲು ಕ್ಯಾರಿಯರ್ ಖಾಲಿ ಮಾಡಿ. ಎಷ್ಟೋ ಸಲ ಸದ್ದು ಅದರದ್ದಾಗಿರುವುದೇ ಇಲ್ಲ. ಸಡಿಲ ಕಟ್ಟಿದ ಏಣಿಯೋ, ಹಗ್ಗದ ಕೊಕ್ಕೆಯೋ, ಹಿಂದಿನ ಬಾಡಿ ಡೋರಿನ ಕೊಂಡಿಯೋ ಆಗಿರುತ್ತದೆ. ಖಾಲಿ ಗಾಡಿಯನ್ನು ಗುಂಡಿ ಇರುವ ರಸ್ತೆಯಲ್ಲಿ ಗಂಟೆಗೆ 15–20 ಕಿ.ಮೀ. ವೇಗದಲ್ಲಿ ಓಡಿಸಿ. ಪಕ್ಕದ ಸೀಟಿನಲ್ಲಿ ಕೂತವರು ಅಂಗೈಯನ್ನು ಒಳಗಿನಿಂದ ರೂಫಿಗೆ ಒತ್ತಿ ಹಿಡಿಯಲಿ. ಯಾವ ಮೂಲೆ ಜಾಸ್ತಿ ಅದುರುತ್ತಿದೆ ಅಂತ ಕೈಗೇ ಗೊತ್ತಾಗುತ್ತದೆ. ಸದ್ದು ಕೇಳಲಿಕ್ಕೆ ಅಂತ ಹುಡುಗರನ್ನು ಹಿಂದೆ ನಿಲ್ಲಿಸುವ ಅಭ್ಯಾಸ ಬೇಡವೇ ಬೇಡ.

ಆಮೇಲೆ ಗಾಡಿ ನಿಲ್ಲಿಸಿ, ಕ್ಯಾರಿಯರಿನ ಒಂದೊಂದು ಕಾಲನ್ನೂ ಹಿಡಿದು ಅಲ್ಲಾಡಿಸಿ. ಅನುಮಾನ ಬಂದ ಕಡೆ ರಟ್ಟನ್ನು ಮಡಚಿ ಸಂದಿಗೆ ತುರುಕಿ, ಇನ್ನೊಂದು ಸುತ್ತು ಹೋಗಿಬನ್ನಿ. ಸದ್ದು ನಿಂತರೆ ಕಳ್ಳ ಸಿಕ್ಕಿದ ಹಾಗೆ. ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಕಣ್ಣಿಗೆ ಕಾಣುವ ಸುಳಿವೂ ಇರುತ್ತದೆ. ನಟ್ಟಿನ ಸುತ್ತ ನುಣ್ಣಗೆ ಕೆಂಪು ಪುಡಿ ಕೂತಿದೆಯೇ ನೋಡಿ. ಬಿಗಿಯಾಗಿದೆ ಅಂದುಕೊಂಡ ಜೋಡಣೆ ಒಳಗೊಳಗೇ ಉಜ್ಜಿಕೊಂಡರೆ ಹೀಗೆ ಪುಡಿ ಉದುರುತ್ತದೆ. ಮಳೆಯ ತುಕ್ಕಾದರೆ ಸೋರಿದ ಗೆರೆ ಕಾಣುತ್ತದೆ, ಇದು ಒಣ ಪುಡಿ. ಬೋಲ್ಟ್ ಬಿಚ್ಚಿದಾಗ ರಂಧ್ರ ಗುಂಡಗಿಲ್ಲದೆ ಉದ್ದಕ್ಕೆ ಸವೆದಿದ್ದರೆ ಎಷ್ಟು ಬಿಗಿದರೂ ದಂಡ. ಸವೆತ ಕಮ್ಮಿ ಇದ್ದರೆ ದಪ್ಪನೆಯ ಅಗಲ ವಾಷರ್ ಸಾಕು. ಜಾಸ್ತಿ ಇದ್ದರೆ ವೆಲ್ಡಿಂಗ್ ಶಾಪಿನಲ್ಲಿ ತುಂಬಿಸಿ ಹೊಸದಾಗಿ ರಂಧ್ರ ಕೊರೆಸಬೇಕು.

ಬಿಗಿದ ನಟ್ಟು ತಾನಾಗೇ ಯಾಕೆ ಸಡಿಲವಾಗುತ್ತದೆ? ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದರು. ಬೋಲ್ಟಿನ ಉದ್ದಕ್ಕೆ ಬೀಳುವ ಎಳೆತಕ್ಕಿಂತ, ಜೋಡಿಸಿದ ಎರಡು ಭಾಗಗಳು ಅಡ್ಡಡ್ಡ ಜಾರಿದಾಗ ನಟ್ಟು ಬೇಗ ಬಿಚ್ಚಿಕೊಳ್ಳುತ್ತದೆ. ಗುಂಡಿ ರಸ್ತೆಯಲ್ಲಿ ಗಾಡಿ ಎಡಕ್ಕೂ ಬಲಕ್ಕೂ ವಾಲುವಾಗ ಕ್ಯಾರಿಯರಿನ ಕಾಲಿಗೆ ಆಗುವುದು ಇದೇ ಅಲ್ವಾ? ನಟ್ಟಿನಡಿ ಹಾಕುವ ಸೀಳು ಬಳೆಯಂಥ ಸ್ಪ್ರಿಂಗ್ ವಾಷರನ್ನಷ್ಟೇ ನಂಬಿಕೊಂಡರೆ ಆಗದು ಅನ್ನುವುದೂ ಇದಕ್ಕೇ.

ಇನ್ನು ರಿಪೇರಿ. ನಾಲ್ಕೂ ಕಾಲು ಒಟ್ಟಿಗೆ ಬಿಚ್ಚಬೇಡಿ, ಒಂದೊಂದೇ ಮಾಡಿ. ಕಾಲು ಕೂರುವ ಜಾಗದ ಮಣ್ಣು, ತುಕ್ಕು ತೆಗೆದು ಎಮರಿ ಪೇಪರಿನಲ್ಲಿ ಉಜ್ಜಿ, ತುಕ್ಕು ತಡೆಯುವ ಬಣ್ಣ ರೆಡ್ ಆಕ್ಸೈಡ್ ಹಚ್ಚಿ ಒಣಗಲು ಬಿಡಿ. ಅದರ ಮೇಲೆ ರಬ್ಬರ್. ಪಂಕ್ಚರ್ ಅಂಗಡಿಯಲ್ಲಿ ಸಿಗುವ ಹಳೆ ಲಾರಿ ಟ್ಯೂಬಿನ ತುಂಡು ಚೆನ್ನಾಗಿ ಆಗುತ್ತದೆ, ಎರಡು ಪದರ ಹಾಕಿ. ಕಾಲಿಗಿಂತ ಸುತ್ತಲೂ ಸ್ವಲ್ಪ ಅಗಲ ಇರಲಿ. ಸೈಕಲ್ ಟ್ಯೂಬ್ ತೆಳು, ಬೇಗ ಹರಿಯುತ್ತದೆ. ಸ್ಪಂಜು, ಗೋಣಿಚೀಲದ ತುಂಡು ಮಾತ್ರ ಇಡಲೇಬೇಡಿ. ನಮ್ಮ ಮಲೆನಾಡಿನ ಮಳೆಗೆ ಅವು ನೀರು ಹೀರಿಕೊಂಡು ಅಲ್ಲೇ ತುಕ್ಕು ಹಿಡಿಸುತ್ತವೆ.

ಹಳೆ ನಟ್ಟು ಬಿಸಾಕಿ ನೈಲಾಕ್ ನಟ್ ತನ್ನಿ. ಒಳಗೆ ನೈಲಾನ್ ಬಳೆ ಇರುವ ನಟ್ಟು ಇದು, ಥ್ರೆಡ್ಡನ್ನು ಕಚ್ಚಿ ಹಿಡಿಯುತ್ತದೆ. ಬರಿಗೈಯಲ್ಲಿ ಪೂರ್ತಿ ತಿರುಗುವಷ್ಟು ಸವೆದರೆ ಬದಲಿಸಬೇಕು. 8 ಎಂಎಂ ಬೋಲ್ಟಿಗೆ ಸಾಮಾನ್ಯವಾಗಿ 13 ನಂಬರ್ ಸ್ಪ್ಯಾನರ್, 10 ಎಂಎಂಗೆ 17. ನಟ್ಟಿನ ಅಡಿಗೊಂದು, ಬೋಲ್ಟಿನ ತಲೆಯ ಅಡಿಗೊಂದು ಅಗಲ ವಾಷರ್ ಇರಲಿ. ನಾಲ್ಕೂ ಕಾಲನ್ನು ಮೊದಲು ಅರ್ಧ ಬಿಗಿದು, ಆಮೇಲೆ ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ರಬ್ಬರ್ ಅಮುಕಿಕೊಳ್ಳಬೇಕು, ಅಂಚಿನಿಂದ ಉಬ್ಬಿ ಹೊರಗೆ ಬರಬಾರದು. ಅಲ್ಲಿಗೆ ಸಾಕು. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ತಿರುಗಿಸುವ ಶೂರತನ ಲಾರಿ ಚಕ್ರಕ್ಕಿರಲಿ.

ರೂಫನ್ನೇ ಕೊರೆದು ಕ್ಯಾರಿಯರ್ ಕೂರಿಸಿದ್ದರೆ ರಂಧ್ರಕ್ಕೆ ಸಿಲಿಕೋನ್ ಸೀಲಂಟ್ ಹಾಕಿ. ಇಲ್ಲದಿದ್ದರೆ ಜೂನ್‌ನಲ್ಲಿ ನೀರು ನೇರ ನಿಮ್ಮ ತೊಡೆಯ ಮೇಲೆ.

ಪೈಪುಗಳ ಜೋಡಣೆಯಲ್ಲಿ ಪೇಂಟ್ ಮೇಲೆ ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡರೆ ವೆಲ್ಡಿಂಗ್ ಬಿಟ್ಟಿರಬಹುದು. ಬಿಟ್ಟಿದ್ದರೆ ಅದಕ್ಕೆ ರಬ್ಬರ್ ಮದ್ದಲ್ಲ. ಕ್ಯಾರಿಯರನ್ನು ಗಾಡಿಯಿಂದ ಇಳಿಸಿಯೇ ವೆಲ್ಡ್ ಮಾಡಿಸಿ. "ಐದು ನಿಮಿಷದ ಕೆಲಸ ಸಾರ್, ಮೇಲೇ ಮಾಡಿಬಿಡೋಣ" ಅಂದರೆ ಒಪ್ಪಬೇಡಿ. ಪೇಂಟ್ ಸುಡುತ್ತದೆ, ಒಳಗಿನ ರೂಫ್ ಬಟ್ಟೆಗೆ ಬೆಂಕಿ ತಗಲಬಹುದು, ಎಲೆಕ್ಟ್ರಾನಿಕ್ ಭಾಗಗಳೂ ಕೆಡಬಹುದು.

ಇಷ್ಟಾದ ಮೇಲೂ ಹಾಸನದ ಹೈವೇಗೆ ಬಂದ ತಕ್ಷಣ ಹೂಂ ಅಂತ ಸದ್ದು ಬರುತ್ತದೆ, ಮಣ್ಣು ರಸ್ತೆಯಲ್ಲಿ ಇರುವುದಿಲ್ಲ ಅನ್ನುವುದಾದರೆ ಅದು ಗಾಳಿಯ ಕೆಲಸ. ಗುಂಡನೆಯ ಪೈಪಿನ ಹಿಂದೆ ಗಾಳಿ ಒಂದೇ ತಾಳದಲ್ಲಿ ಸುಳಿ ಸುತ್ತಿದರೆ ಈ ಸದ್ದು ಹುಟ್ಟುತ್ತದೆ. ಮುಂದಿನ ಅಡ್ಡ ಪೈಪಿಗೆ ಹಗ್ಗವನ್ನು ಸುರುಳಿ ಸುರುಳಿಯಾಗಿ, ಸುತ್ತುಗಳ ನಡುವೆ ಜಾಗ ಬಿಟ್ಟು ಬಿಗಿಯಾಗಿ ಸುತ್ತಿ. ಸುಳಿಯ ತಾಳ ತಪ್ಪುತ್ತದೆ, ಸದ್ದು ಇಳಿಯುತ್ತದೆ. ಏಣಿ ಕಟ್ಟುವ ಬೆಲ್ಟ್ ಪಟಪಟ ಅಂದರೆ ಅದನ್ನು ಒಂದು ಸಲ ತಿರುಚಿ ಕಟ್ಟಿ.

ಹೊಸ ರಬ್ಬರ್ ಭಾರಕ್ಕೆ ಕುಸಿದು ಕೂರುವುದರಿಂದ ಒಂದೆರಡು ದಿನ ಓಡಿಸಿದ ಮೇಲೆ ನಾಲ್ಕೂ ಕಾಲಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಆಮೇಲೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಕಾಫಿ ಕೊಯ್ಲಿಗೆ ಮುಂಚೆ ಒಮ್ಮೆ ನೋಡಿಕೊಂಡರೆ ಸಾಕು.