ಶ್ರುತಿ ಎರಡು ಮನೆ ಇಳಿಸಿ ಬೆಳಗಿನವರೆಗೆ ಪದ್ಯ ಹೇಳಿದ್ದು: ನನ್ನ ಅನುಭವ

ನಾನು ಯಕ್ಷಗಾನದ ಭಾಗವತ, ಆಟಕ್ಕೆ ಪದ್ಯ ಹಾಡುವವನು. ಈಗ ಮೂರ್ನಾಲ್ಕು ತಿರುಗಾಟದಿಂದ (ಮೇಳದ ಒಂದು ವರ್ಷದ ಸಂಚಾರವೇ ತಿರುಗಾಟ) ನಾನು ಬಿಳಿ 3ರಲ್ಲಿ ಪದ್ಯ ಹೇಳುತ್ತಿದ್ದೇನೆ. ಮೊದಲು ಕಪ್ಪು 3. ಹಾರ್ಮೋನಿಯಂನ ಬಿಳಿ, ಕಪ್ಪು ಮನೆಗಳ ಲೆಕ್ಕದಲ್ಲಿ ಶ್ರುತಿ ಹೇಳುವುದು ಹೀಗೆ; ಕಪ್ಪು 3ರಿಂದ ಬಿಳಿ 3 ಎರಡು ಮನೆ ಕೆಳಗೆ. ದೀಪಾವಳಿ ಕಳೆದು ಮೇಳ ಹೊರಟಲ್ಲಿಂದ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವವರೆಗೆ ಸ್ವರ ಒಮ್ಮೆಯೂ ಕೈಕೊಟ್ಟಿಲ್ಲ. ಶ್ರುತಿ ಇಳಿಸಿದ ಭಾಗವತನ ಕಾಲ ಮುಗಿಯಿತು ಎಂದವರೇ ಈಗ ಇದು ಹೇಗಾಯಿತು ಎಂದು ಫೋನ್ ಮಾಡಿ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿ ಬರೆದಿದ್ದೇನೆ.

ಕಪ್ಪು 3ರಲ್ಲಿ ಹಾಡುತ್ತಿದ್ದಾಗ ಸ್ವರ ಕೆಟ್ಟದ್ದು ನಿಧಾನವಾಗಿ. ಮಧ್ಯರಾತ್ರಿ ಜಾಗಟೆ ಹಿಡಿದು ಕೂತಾಗ ಭಾಮಿನಿ (ಆರು ಸಾಲಿನ ಷಟ್ಪದಿ) ಚೆನ್ನಾಗಿಯೇ ಬರುತ್ತಿತ್ತು. ಬೆಳಗಿನ ಜಾವದ ಏರು ಪದ್ಯಕ್ಕೆ, ಅಂದರೆ ವೀರಾವೇಶದ ಪದ್ಯಕ್ಕೆ ಬರುವಾಗ ತಾರ ಷಡ್ಜದ (ಮೇಲಿನ ಸಾ) ಮೇಲೆ ಬರೀ ಗಾಳಿ. ಡಾಕ್ಟರು ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿದರು. ಎರಡೂ ಸ್ವರತಂತುಗಳ ಅಂಚಿನಲ್ಲಿ ಸಣ್ಣ ಗಂಟು.

ಪರೀಕ್ಷೆ, ಔಷಧ, ಓಡಾಟ ಎಲ್ಲ ಸೇರಿ ಸುಮಾರು 25 ಸಾವಿರ ಹೋಗಿರಬಹುದು. ಅದು ದೊಡ್ಡದಲ್ಲ. ಮಳೆಗಾಲದಲ್ಲಿ ನಡೆಯುವ, ವೇಷ ಕುಣಿತ ಇಲ್ಲದ ತಾಳಮದ್ದಲೆ, ಹಾಡಿನದ್ದೇ ಕಾರ್ಯಕ್ರಮವಾದ ಗಾನವೈಭವ ಎಲ್ಲ ಬಿಡಬೇಕಾಯಿತು. ಒಂದಕ್ಕೆ ಮೂರು ನಾಲ್ಕು ಸಾವಿರದ ಲೆಕ್ಕ ಹಿಡಿದರೂ ಲಕ್ಷದ ಹತ್ತಿರ ನಷ್ಟ. ಮೇಳದ ಮುಂಗಡ ಆಗಲೇ ಮನೆಯ ಮಾಡಿಗೆ ಖರ್ಚಾಗಿತ್ತು.

ಏನೇನು ಮಾಡಲಿಲ್ಲ! ಜ್ಯೇಷ್ಠಮಧು ಜಗಿದೆ. ಕಲ್ಲುಸಕ್ಕರೆ, ಕಾಳುಮೆಣಸು ಬಾಯಲ್ಲೇ ಇರುತ್ತಿತ್ತು. ಗಂಟಲು ತಂಪಾಯಿತೇ ಹೊರತು ಗಂಟು ಕರಗಲಿಲ್ಲ. ವಾರಗಟ್ಟಲೆ ಮೌನ ಮಾಡಿದೆ. ಸ್ವರ ಮರಳಿತು. ಮೇಳಕ್ಕೆ ಹೋಗಿ ಹತ್ತು ಹನ್ನೆರಡು ಆಟ ಆಗುವಷ್ಟರಲ್ಲಿ ಮತ್ತೆ ಅದೇ ಕಥೆ. ಎರಡು ಮೇಳ ಅಕ್ಕಪಕ್ಕ ಪೈಪೋಟಿಗೆ ಆಡುವ ಜೋಡಾಟದ ದಿನಕ್ಕೆಂದು ಒಮ್ಮೆ ಚುಚ್ಚುಮದ್ದನ್ನೂ ತೆಗೆದುಕೊಂಡೆ. ಆ ರಾತ್ರಿ ಗೆದ್ದೆ, ಮರುದಿನದಿಂದ ಇನ್ನೂ ಹಾಳು. ಅದನ್ನು ಯಾರೂ ಮಾಡಬೇಡಿ.

ದಾರಿ ಸಿಕ್ಕಿದ್ದು ಒಪೆರಾದವರಿಂದ, ಪಾಶ್ಚಾತ್ಯ ಸಂಗೀತನಾಟಕದ ಹಾಡುಗಾರರಿಂದ. ಅವರು ಮೈಕ್ ಇಲ್ಲದೆ ಇಡೀ ಆರ್ಕೆಸ್ಟ್ರಾ ದಾಟಿ ಕೊನೆಯ ಸಾಲಿಗೆ ಕೇಳಿಸುತ್ತಾರಲ್ವಾ? ಸ್ವೀಡನ್ನಿನ ಧ್ವನಿವಿಜ್ಞಾನಿ ಯೋಹಾನ್ ಸುಂಡ್‌ಬೆರ್ಗ್ 1970ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಆರ್ಕೆಸ್ಟ್ರಾದ ಬಲ ಹೆಚ್ಚಾಗಿ 500 ಹರ್ಟ್ಸ್ ಸುತ್ತ ಇರುತ್ತದೆ. ಪಳಗಿದ ಗಂಡು ದನಿಯಲ್ಲಿ 3000 ಹರ್ಟ್ಸ್ ಹತ್ತಿರ ಬೇರೆಯೇ ಒಂದು ಹೊಳಪು ಇರುತ್ತದೆ. ಕಿವಿ ಹಿಡಿಯುವುದು ಅದನ್ನೇ. ಕೆಳಗಿನ ಸ್ವರ ಹಾಡಿದರೂ ಆ ಹೊಳಪು ಉಳಿಯುತ್ತದೆ. ಹಾಗಾದರೆ ಚಂಡೆಯನ್ನು ಮೀರಲು ನಾವು ಶ್ರುತಿ ಏರಿಸುತ್ತಾ ಹೋಗುವುದು ಯಾಕೆ?

ಆ ಮಳೆಗಾಲ ಪೂರ್ತಿ ಶ್ರುತಿ ಇಳಿಸಿ ಆ ಹೊಳಪು ತರುವುದೇ ಕೆಲಸ. ಬಾಟಲಿಯಲ್ಲಿ ನಾಲ್ಕು ಬೆರಳು ನೀರು, ಅದರಲ್ಲಿ ಸ್ಟ್ರಾ. ಗುಳ್ಳೆ ಏಳಿಸುತ್ತಾ ಮಂದ್ರ ಪಂಚಮದಿಂದ (ಕೆಳಗಿನ ಪಾ) ಮೇಲಿನ ಷಡ್ಜದವರೆಗೆ ಜಾರುವುದು. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಐದಾರು ಸಲ. ಆಮೇಲೆ ಬಾಯಿ ಮುಚ್ಚಿ ಗುನುಗು, ಆಮೇಲೆ ಸಾಹಿತ್ಯ ಬಿಟ್ಟು ಅ, ಆ ಥರದ ಸ್ವರಾಕ್ಷರದಲ್ಲಿ ಮಾತ್ರ ಇಡೀ ಪದ್ಯ. ಕೊನೆಗೆ ಸಾಹಿತ್ಯ. ತಾರ ಪಂಚಮಕ್ಕೆ ಹೋಗುವಾಗ ನಾನು ದವಡೆ ಮತ್ತು ನಾಲಿಗೆಯಲ್ಲಿ ಮಾಡುವುದು ಒಂದಿದೆ. ಅದನ್ನು ಎದುರು ಕೂತು ಕಲಿಸಬೇಕು, ಬರೆಯುವುದಿಲ್ಲ.

ನಡುವೆ ಇನ್ನೊಂದು ಪರೀಕ್ಷೆ ಮಾಡಿದೆ. ರಾತ್ರಿ ಎರಡು ಗಂಟೆಯ ಚಹಾ ಬಿಟ್ಟೆ, ಆಟ ಮುಗಿದ ಕೂಡಲೇ ತಿಂಡಿ ತಿಂದು ಮಲಗುವುದನ್ನು ಬಿಟ್ಟೆ. ವಾರದಲ್ಲಿ ಗಂಟಲಿನ ಉರಿ ಅರ್ಧ ಇಳಿಯಿತು. ಹೊಟ್ಟೆಯ ಹುಳಿ ಮೇಲೆ ಬಂದು ಸ್ವರತಂತು ಸುಡುತ್ತದೆ ಎಂದು ಡಾಕ್ಟರು ಹೇಳಿದ್ದು ನಿಜವೇ. ಈ ಒಂದನ್ನು ಮಾತ್ರ ಮಾಡಿದರೂ ಎಷ್ಟೋ ಜನರ ಸ್ವರ ಉಳಿಯುತ್ತದೆ.

ದೊಡ್ಡ ತಲೆನೋವು ಮದ್ದಲೆ. ಬಿಳಿ 3ಕ್ಕೆ ಇಳಿಸಿದರೆ ಇದ್ದ ಮದ್ದಲೆಯ ಮುಚ್ಚಿಗೆ (ಬಾಯಿಗೆ ಹಾಕಿದ ಚರ್ಮ) ಸಡಿಲಾಗಿ ನಾದವೇ ಇಲ್ಲ. "ಭಾಗವತ್ರೆ, ನಿಮ್ಮೊಬ್ಬರಿಗಾಗಿ ನಾನು ಎರಡು ಮದ್ದಲೆ ಹೊರಬೇಕಾ?" ಎಂದರು ನಮ್ಮ ಮದ್ದಲೆಯವರು. ಅವರು ಹೇಳಿದ್ದರಲ್ಲಿ ನ್ಯಾಯ ಇತ್ತು. ಸ್ವಲ್ಪ ದೊಡ್ಡ ಬಾಯಿಯ ಮದ್ದಲೆ ನಾನೇ ಮಾಡಿಸಿಕೊಟ್ಟೆ. 15 ಸಾವಿರದ ಮೇಲಾಯಿತು. ಈಗ ಅವರು ಆ ಮದ್ದಲೆಯನ್ನು ಬೇರೆಯವರಿಗೆ ಮುಟ್ಟಲು ಕೊಡುವುದಿಲ್ಲ.

ಮುಖ್ಯ ಪಾತ್ರ ಮಾಡುವ ಎರಡನೇ ವೇಷದವರದ್ದು ಬೇರೆ ದೂರು. ಶ್ರುತಿ ಇಳಿದರೆ ರಂಗ ಏರುವುದಿಲ್ಲ, ಕುಣಿಯಲು ಹುರುಪು ಬರುವುದಿಲ್ಲ ಎಂದು. ಹುರುಪು ಇರುವುದು ಕಾಲದಲ್ಲಿ, ಅಂದರೆ ತಾಳದ ವೇಗದಲ್ಲಿ ಅಂತ ನನ್ನ ಲೆಕ್ಕ. ಏರು ಪದ್ಯ ಎತ್ತುವಾಗಲೇ ಕಾಲವನ್ನು ಕೂದಲೆಳೆ ಮುಂದಿಟ್ಟೆ. ಗದಾಯುದ್ಧದ ಭೀಮ ಅವತ್ತು ಕುಣಿದ ಕುಣಿತ ನೋಡಿದವರಿಗೆ ಗೊತ್ತು.

ಆದರೂ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಗುಸುಗುಸು ನಿಲ್ಲಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗನನ್ನು ಕೂರಿಸಿ, ಒಂದೇ ಪದ್ಯವನ್ನು ಎರಡು ರಾತ್ರಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿದೆ. ಒಂದು ರಾತ್ರಿ ಬಿಳಿ 4 (ಕಪ್ಪು 3ಕ್ಕೂ ಬಿಳಿ 3ಕ್ಕೂ ನಡುವಿನ ಮನೆ), ಇನ್ನೊಂದು ರಾತ್ರಿ ಬಿಳಿ 3. ಯಾವುದು ಯಾವುದೆಂದು ಹೇಳದೆ ಎಲ್ಲರಿಗೂ ಕೇಳಿಸಿದೆ. ಹೆಚ್ಚಿನವರು ಸಾಹಿತ್ಯ ಸ್ಪಷ್ಟ, ದನಿ ದೊಡ್ಡದು ಎಂದು ತೋರಿಸಿದ್ದು ಬಿಳಿ 3ನ್ನು. ಮದ್ದಲೆಯವರು ಮಾತ್ರ ಶ್ರುತಿ ಗುರುತು ಹಿಡಿದು ಸುಮ್ನೆ ಕೂತಿದ್ದರು.

ಮುಂದಿನ ವರ್ಷ ಯಜಮಾನರು ಸಂಬಳ ಕಾಲುಭಾಗ ಏರಿಸಿದರು. ಈಗ ಮಳೆಗಾಲದಲ್ಲೂ ಪುರುಸೊತ್ತಿಲ್ಲ. ಡಾಕ್ಟರು ಮೊನ್ನೆ ಮತ್ತೆ ನೋಡಿದಾಗ ಒಂದು ಕಡೆಯ ಗಂಟು ಪೂರ್ತಿ ಹೋಗಿದೆ, ಇನ್ನೊಂದು ಕಡೆ ಗುರುತು ಮಾತ್ರ ಉಳಿದಿದೆ. ಮಾಡಿ ನೋಡುವವರು ಮಳೆಗಾಲದಲ್ಲೇ ಶುರು ಮಾಡಿ. ಒಮ್ಮೆಗೇ ಎರಡು ಮನೆ ಇಳಿಸಬೇಡಿ, ಮೊದಲು ಒಂದು ಮನೆ ಇಳಿಸಿ ತಿಂಗಳು ಹಾಡಿ. ಮದ್ದಲೆಯವರಿಗೆ ಮುಂಚೆಯೇ ತಿಳಿಸಿ.